ಪಾಪುಗೆಂದು ಹಳೆಯ ಕಪಾಟಿನ ಬಣ್ಣ ಉಜ್ಜುತ್ತಿದ್ದೀರಾ? ಉಪ್ಪುಕಾಗದವನ್ನು ಒಮ್ಮೆ ಕೆಳಗಿಡಿ

ಕಳೆದ ವರ್ಷ ಅಕ್ಕನಿಗೆ ಏಳು ತಿಂಗಳು ತುಂಬಿದ್ದಾಗ ಭಾವ ಮೈಸೂರಿನ ಸೆಕೆಂಡ್ ಹ್ಯಾಂಡ್ ಫರ್ನಿಚರ್ ಅಂಗಡಿಯೊಂದರಿಂದ ನಾಲ್ಕು ಡ್ರಾಗಳಿರುವ ಮರದ ಕಪಾಟು ತಂದರು. ಗಟ್ಟಿ ತೇಗ. ಇಬ್ಬರು ಹಿಡಿದರೂ ಎತ್ತಲು ಕಷ್ಟ. ಮೇಲೆ ಮಾತ್ರ ಮಂಕಾದ ತಿಳಿಹಸಿರು ಎಣ್ಣೆ ಬಣ್ಣ. ಮೂಲೆಯಲ್ಲಿ ಎದ್ದಿದ್ದ ಚಕ್ಕೆಯ ಕೆಳಗೆ ಹಳದಿ, ಅದರ ಕೆಳಗೆ ಕಿತ್ತಳೆ ಕಾಣುತ್ತಿತ್ತು. ಎಷ್ಟು ಮನೆ, ಎಷ್ಟು ಹಬ್ಬ ನೋಡಿದ್ದ ಕಪಾಟೋ!

"ಮಗು ಹುಟ್ಟೋಕೆ ಮುಂಚೆ ಇದೆಲ್ಲ ಯಾಕಪ್ಪ" ಎಂದು ಅಕ್ಕನ ಅತ್ತೆ ಗೊಣಗಿದರು. ಆದರೂ ಭಾನುವಾರ ನಾನೇ ಉತ್ಸಾಹದಿಂದ ಉಪ್ಪುಕಾಗದ ಹಿಡಿದು ಬಾಲ್ಕನಿಯಲ್ಲಿ ಕೂತೆ. ಹಳೆ ಬಣ್ಣ ಕೆರೆದು, ಮರ ಹೊಳೆಯುವಂತೆ ಮಾಡಿ, ಹೊಸ ಬಣ್ಣ ಬಳಿಯುವ ರೀಲ್‌ಗಳನ್ನು ಬೇಕಾದಷ್ಟು ನೋಡಿದ್ದೆ. ಅರ್ಧ ಗಂಟೆ ಉಜ್ಜಿದ ಮೇಲೆ ತಲೆಯೆತ್ತಿ ನೋಡಿದರೆ ನೆಲದ ಮೇಲೆ ಹಳದಿ ಪುಡಿಯ ತೆಳು ಹಾಸು. ಅಕ್ಕನ ಎರಡು ವರ್ಷದ ಮಗ ಅದರ ಮೇಲೆ ಬೆರಳಿನಿಂದ ಗೆರೆ ಎಳೆದು ಆಡುತ್ತಿದ್ದ. ನಾನು ನೋಡುತ್ತಿದ್ದಂತೆ ಆ ಬೆರಳು ಬಾಯಿಗೆ ಹೋಯಿತು.

ವಿಜ್ಞಾನ, ಆರೋಗ್ಯದ ಬಗ್ಗೆ ಬರುವ ಸುಳ್ಳು ಸಂದೇಶಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಸೀಸದ ಬಗ್ಗೆ ಓದಿದ್ದೆ, ಬರೆದೂ ಇದ್ದೆ. ಆದರೂ ಆ ಕ್ಷಣದವರೆಗೆ ಎದುರಿಗಿದ್ದ ಪುಡಿಗೂ ನಾನು ಓದಿದ್ದಕ್ಕೂ ನಂಟು ಹೊಳೆದಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ.

"ಹಳೇ ಕಾಲದ್ದು, ಕೆಮಿಕಲ್ ಇಲ್ಲ" ಎನ್ನುವುದು ನಿಜವೇ?

ಹೊಸ ಪ್ಲೈವುಡ್ ಬೇಡ, ಅಂಟಿನ ವಾಸನೆ ಬೇಡ, ಅಜ್ಜಿ ಕಾಲದ ಮರವೇ ಶುದ್ಧ ಎಂಬ ಮಾತು ಫ್ಯಾಮಿಲಿ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡ್‌ಗಳಲ್ಲಿ ಬಳಸುವ ಕೆಲವು ಅಂಟುಗಳಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಬರುವುದು ನಿಜ. ಹಳೆಯ ಗಟ್ಟಿ ಮರದಲ್ಲಿ ಆ ಸಮಸ್ಯೆ ಇಲ್ಲ.

ಆದರೆ ಮರ ಬೇರೆ, ಮರದ ಮೇಲಿನ ಬಣ್ಣ ಬೇರೆ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಬೆರೆಸುವುದು ಮಾಮೂಲಾಗಿತ್ತು. ಸೀಸದ ಬಿಳಿ ಪುಡಿ ಬಣ್ಣಕ್ಕೆ ದಟ್ಟತನ ಕೊಡುತ್ತಿತ್ತು. ಲೆಡ್ ಕ್ರೋಮೇಟ್ ಎಂಬ ಸಂಯುಕ್ತ ಹೊಳಪಿನ ಹಳದಿ ಕೊಡುತ್ತಿತ್ತು. ಅದನ್ನು ನೀಲಿಯೊಂದಿಗೆ ಬೆರೆಸಿದರೆ ಹಸಿರು. ಕಬ್ಬಿಣದ ಗೇಟು, ಕಿಟಕಿ ಸರಳುಗಳಿಗೆ ಮೊದಲು ಬಳಿಯುತ್ತಿದ್ದ ಕಿತ್ತಳೆಗೆಂಪು ಪ್ರೈಮರ್‌ನಲ್ಲಿ ಕೆಂಪು ಸೀಸ ಇರುತ್ತಿತ್ತು. ಬಣ್ಣ ಬೇಗ ಒಣಗಲೆಂದು ಹಾಕುವ ದ್ರಾವಣದಲ್ಲೂ ಸೀಸವಿರುತ್ತಿತ್ತು. ಹಾಗಾಗಿ ಗಾಢ ಹಳದಿ, ಕಿತ್ತಳೆ, ಕೆಂಪು, ಹಸಿರು ಎಣ್ಣೆ ಬಣ್ಣಗಳ ಬಗ್ಗೆ ಹೆಚ್ಚು ಅನುಮಾನ ಇಟ್ಟುಕೊಳ್ಳಬೇಕು. ತೊಟ್ಟಿಲು, ಮಕ್ಕಳ ಆಟಿಕೆಗಳಿಗೆ ನಾವು ಇಷ್ಟಪಟ್ಟು ಬಳಿಯುವ ಬಣ್ಣಗಳೂ ಇವೇ.

ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿನ ಸೀಸಕ್ಕೆ ಕಡ್ಡಾಯ ಮಿತಿ ಬಂದದ್ದು ತೀರಾ ಇತ್ತೀಚೆಗೆ. ಕೇಂದ್ರ ಸರ್ಕಾರ 2016ರ ನವೆಂಬರ್‌ನಲ್ಲಿ ನಿಯಮ ಹೊರಡಿಸಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದರ ಪ್ರಕಾರ ಸೀಸದ ಪ್ರಮಾಣ 90 ಪಿಪಿಎಂ, ಅಂದರೆ 10 ಲಕ್ಷ ಭಾಗದಲ್ಲಿ 90 ಭಾಗ ಮೀರುವಂತಿಲ್ಲ. ಅಮೆರಿಕ 1978ರಲ್ಲೇ ಮನೆಗಳಿಗೆ ಬಳಸುವ ಸೀಸದ ಬಣ್ಣವನ್ನು ನಿಷೇಧಿಸಿತ್ತು. ಹಾಗಾಗಿ ಅಲ್ಲಿನ ಜಾಲತಾಣಗಳಲ್ಲಿ "1978ಕ್ಕಿಂತ ಹಳೆಯದಾದರೆ ಹುಷಾರು" ಎಂದಿರುತ್ತದೆ. ನಮ್ಮ ಲೆಕ್ಕ ಅದಲ್ಲ. ನಮ್ಮಲ್ಲಿ 2017ಕ್ಕಿಂತ ಮೊದಲು ಬಳಿದ ಯಾವ ಎಣ್ಣೆ ಬಣ್ಣವನ್ನಾದರೂ ಪರೀಕ್ಷೆ ಮಾಡಿಸುವವರೆಗೆ ಸೀಸದ ಬಣ್ಣವೆಂದೇ ಭಾವಿಸುವುದು ಜಾಣತನ. ಅಜ್ಜಿ ಕಾಲದ್ದೇ ಆಗಬೇಕೆಂದಿಲ್ಲ, ಹತ್ತು-ಹನ್ನೆರಡು ವರ್ಷದ ಹಿಂದಿನ ಕಪಾಟೂ ಈ ಪಟ್ಟಿಗೆ ಸೇರುತ್ತದೆ.

ಒಂದು ಸಮಾಧಾನದ ಸಂಗತಿ: ಹಳೆಯದೆಲ್ಲವೂ ಅಪಾಯವಲ್ಲ. ಮರದ ನಾರು ಕಾಣುವಂತೆ ಬರೀ ಪಾಲಿಶ್ ಮಾಡಿದ ತೇಗ, ಬೀಟೆ ಮರದ ಸಾಮಾನುಗಳ ಮೇಲೆ ಸಾಮಾನ್ಯವಾಗಿ ಅರಗಿನಿಂದ ತಯಾರಾಗುವ ಫ್ರೆಂಚ್ ಪಾಲಿಶ್ ಇರುತ್ತದೆ. ಅದರಲ್ಲಿ ಸೀಸದ ಬಣ್ಣದ ಪುಡಿ ಇರುವುದಿಲ್ಲ. ಹೆಚ್ಚು ಚಿಂತಿಸಬೇಕಾದ್ದು ಮರವನ್ನು ಪೂರ್ತಿ ಮುಚ್ಚುವ ಎಣ್ಣೆ ಬಣ್ಣಗಳ ಬಗ್ಗೆ.

ಬಣ್ಣ ಸುಮ್ಮನಿದ್ದಾಗ ಒಂದು, ಉಜ್ಜಿದಾಗ ಇನ್ನೊಂದು

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಗಟ್ಟಿಯಾಗಿ ಅಂಟಿಕೊಂಡಿರುವ ಸೀಸದ ಬಣ್ಣ ಕೋಣೆಯಲ್ಲಿದ್ದ ಮಾತ್ರಕ್ಕೆ ಹಾರಿ ಬಂದು ಯಾರ ಮೈಗೂ ಸೇರುವುದಿಲ್ಲ. ಅದು ಮೈಸೇರುವುದು ಚಕ್ಕೆಯಾಗಿ ಎದ್ದಾಗ, ಉಜ್ಜಾಟಕ್ಕೆ ಪುಡಿಯಾದಾಗ, ಸುಟ್ಟು ಹೊಗೆಯಾದಾಗ. ವರ್ಷಾನುಗಟ್ಟಲೆ ತೆಪ್ಪಗಿದ್ದ ವಿಷವನ್ನು ಒಂದೇ ಮಧ್ಯಾಹ್ನದಲ್ಲಿ ಮನೆಯಿಡೀ ಹರಡಬಲ್ಲದ್ದು ಒಣ ಉಪ್ಪುಕಾಗದ. ಮಗು ಬರುತ್ತದೆಂದು ನಾವು ಅಕ್ಕರೆಯಿಂದ ಮಾಡುವ ಕೆಲಸವೇ ಮಗುವಿಗೆ ಅತಿ ಹೆಚ್ಚು ಅಪಾಯ ತರಬಲ್ಲ ಕೆಲಸ.

ಎಷ್ಟು ಪುಡಿ ಸಾಕು? ಒಂದು ಸರಳ ಲೆಕ್ಕ ನೋಡೋಣ. ಒಂದು ಬಣ್ಣದಲ್ಲಿ ಶೇ. 1ರಷ್ಟು ಸೀಸ ಇದೆ ಎಂದುಕೊಳ್ಳಿ. ಹಳೆಯ ಎಣ್ಣೆ ಬಣ್ಣಗಳಿಗೆ ಇದು ಅತಿಶಯದ ಅಂಕಿಯಲ್ಲ. ಆ ಬಣ್ಣದ ಒಂದು ಗ್ರಾಂ ಪುಡಿಯ ಹತ್ತನೇ ಒಂದು ಭಾಗದಲ್ಲಿ 1,000 ಮೈಕ್ರೋಗ್ರಾಂ ಸೀಸ ಇರುತ್ತದೆ. ಈಗ ಮಗುವಿನ ಕಡೆಗೆ ಬರೋಣ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು 800 ಮಿಲಿಲೀಟರ್, ಅಂದರೆ 8 ಡೆಸಿಲೀಟರ್ ರಕ್ತವಿರುತ್ತದೆ. ಮಕ್ಕಳ ರಕ್ತದ ಪ್ರತಿ ಡೆಸಿಲೀಟರ್‌ನಲ್ಲಿ 3.5 ಮೈಕ್ರೋಗ್ರಾಂ ಸೀಸ ಕಂಡರೆ ಮೂಲ ಹುಡುಕಿ ಕ್ರಮ ಕೈಗೊಳ್ಳಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಹೇಳುತ್ತಿದೆ. 8 ಡೆಸಿಲೀಟರ್‌ಗೆ ಗುಣಿಸಿದರೆ ಬರೀ 28 ಮೈಕ್ರೋಗ್ರಾಂ! ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಸೇರಿದ್ದರಲ್ಲೂ ಬಹುಪಾಲು ಮೂಳೆಗೆ ಹೋಗುತ್ತದೆ. ಆದ್ದರಿಂದ ಇದು ನೇರ ಹೋಲಿಕೆಯಲ್ಲ. ಆದರೂ ಚಿಟಿಕೆಯಷ್ಟು ಪುಡಿಯನ್ನು ಯಾಕೆ ಕಡೆಗಣಿಸಬಾರದು ಎಂಬುದು ಇದರಿಂದ ಗೊತ್ತಾಗುತ್ತದೆ.

ಮಕ್ಕಳಿಗೇ ಯಾಕೆ ಹೆಚ್ಚು ತೊಂದರೆ?

ಮೊದಲನೆಯದಾಗಿ, ಅವರು ನೆಲದ ಮೇಲೇ ಬದುಕುತ್ತಾರೆ. ಅಂಬೆಗಾಲಿಡುತ್ತಾರೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ. ಎರಡನೆಯದಾಗಿ, ಅವರ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಒಂದೇ ಪ್ರಮಾಣ ನುಂಗಿದರೂ ಪುಟ್ಟ ಮಕ್ಕಳು ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಸೀಸವನ್ನು ಹೀರಿಕೊಳ್ಳಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರನೆಯದಾಗಿ, ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ಗುರುತಿಸುತ್ತದೆ. ಬೆಳೆಯುವ ಮೂಳೆಗೂ ಮಿದುಳಿಗೂ ಕ್ಯಾಲ್ಸಿಯಂ ಬೇಕು. ಅದರ ವೇಷದಲ್ಲಿ ಸೀಸ ಒಳಹೊಕ್ಕು ನರಕೋಶಗಳ ನಡುವಿನ ಸಂದೇಶಗಳನ್ನು ಕೆಡಿಸುತ್ತದೆ.

ರಕ್ತಹೀನತೆ ಇದ್ದರೆ ಇನ್ನೂ ಕಷ್ಟ. ಕಬ್ಬಿಣದ ಅಂಶ ಕಡಿಮೆಯಿದ್ದಾಗ ಕರುಳು ಸೀಸವನ್ನು ಇನ್ನಷ್ಟು ಹೀರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ.

ಹೊಟ್ಟೆಯೊಳಗಿನ ಮಗುವೂ ಇದರಿಂದ ಹೊರತಲ್ಲ. ಸೀಸ ಹೊಕ್ಕುಳಬಳ್ಳಿಯ ಮೂಲಕ ದಾಟುತ್ತದೆ. ತಾಯಿಯ ಮೂಳೆಯಲ್ಲಿ ಹಿಂದೆಂದೋ ಸೇರಿದ್ದ ಸೀಸವೂ ಗರ್ಭಿಣಿಯಾಗಿದ್ದಾಗ ಕ್ಯಾಲ್ಸಿಯಂನೊಂದಿಗೆ ಕರಗಿ ರಕ್ತಕ್ಕೆ ಬರುತ್ತದೆ. ನಾನು ಬಾಲ್ಕನಿಯಲ್ಲಿ ಉಜ್ಜುತ್ತಿದ್ದಾಗ ಅಕ್ಕ ಹತ್ತಡಿ ಆಚೆ, ತೆರೆದ ಬಾಗಿಲ ಬಳಿ ಕೂತು ಬೀನ್ಸ್ ಸೋಸುತ್ತಿದ್ದಳು.

"ನಾವೆಲ್ಲ ಅದೇ ತೊಟ್ಟಿಲಲ್ಲಿ ಬೆಳೆದೆವು, ಏನಾಯ್ತು?"

ಕೆಲಸ ನಿಲ್ಲಿಸಿ ವಿಷಯ ಹೇಳಿದಾಗ ಅತ್ತೆ ಕೇಳಿದ್ದು ಇದನ್ನೇ. ಅಟ್ಟದ ಮೇಲಿರುವ ಅವರ ಮನೆಯ ಕೆಂಪು-ಹಳದಿ ತೊಟ್ಟಿಲಲ್ಲಿ ಮೂರು ತಲೆಮಾರಿನ ಮಕ್ಕಳು ಮಲಗಿದ್ದಾರೆ. ಎಲ್ಲರೂ ಚೆನ್ನಾಗಿಯೇ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಉತ್ತರವನ್ನೂ ಸರಿಯಾಗಿ ಹೇಳಬೇಕು.

ಹಾವು ಕಚ್ಚಿದರೆ ಗೊತ್ತಾಗುತ್ತದೆ. ಸೀಸ ಕಚ್ಚಿದರೆ ಗೊತ್ತಾಗುವುದಿಲ್ಲ. ತುಂಬಾ ಹೆಚ್ಚು ಪ್ರಮಾಣ ಸೇರಿದರೆ ಮಾತ್ರ ಹೊಟ್ಟೆನೋವು, ವಾಂತಿ, ಫಿಟ್ಸ್ ಕಾಣಿಸುತ್ತವೆ. ಕಡಿಮೆ ಪ್ರಮಾಣದಲ್ಲಿ ಹೊರಗಿನಿಂದ ಏನೂ ಕಾಣದು. ಗಮನವಿಟ್ಟು ಕೂರುವುದು ಸ್ವಲ್ಪ ಕಷ್ಟವಾಗುತ್ತದೆ, ಕಲಿಕೆ ಸ್ವಲ್ಪ ನಿಧಾನವಾಗುತ್ತದೆ, ಸಿಟ್ಟು ಸ್ವಲ್ಪ ಹೆಚ್ಚುತ್ತದೆ. ಅದನ್ನು ನಾವು "ಹುಡುಗ ಸ್ವಲ್ಪ ತುಂಟ", "ಓದಿನಲ್ಲಿ ಅಷ್ಟಕ್ಕಷ್ಟೆ" ಎಂದುಕೊಂಡು ಸುಮ್ಮನಾಗುತ್ತೇವೆ. ಸೀಸ ಇಲ್ಲದಿದ್ದರೆ ಆ ಮಗು ಹೇಗಿರುತ್ತಿತ್ತು ಎಂದು ತೋರಿಸಲು ಇನ್ನೊಂದು ಮಗು ನಮ್ಮ ಬಳಿ ಇರುವುದಿಲ್ಲ. ಒಂದು ಮನೆಯಲ್ಲಿ ಕಾಣದ ಈ ನಷ್ಟ, ಸಾವಿರಾರು ಮಕ್ಕಳನ್ನು ಒಟ್ಟಿಗೆ ಅಳೆದಾಗ ಬುದ್ಧಿಮತ್ತೆಯ ಅಂಕಗಳಲ್ಲಿ ಕಾಣುತ್ತದೆ. ಇಷ್ಟು ಪ್ರಮಾಣದವರೆಗೆ ಸೀಸ ಸುರಕ್ಷಿತ ಎಂದು ಹೇಳಬಹುದಾದ ಮಟ್ಟವೇ ತಿಳಿದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಇದು ನೆನ್ನೆ ಮೊನ್ನೆ ಹುಟ್ಟಿದ ಭಯವೂ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಅವರು ಮಕ್ಕಳಿಗೆ ಸೀಸದ ವಿಷ ಏರುತ್ತಿರುವುದು ಮನೆಯ ಜಗಲಿಯ ಕಟಕಟೆಗೆ, ಗೋಡೆಗೆ ಬಳಿದ ಬಣ್ಣದಿಂದ ಎಂದು ಬರೆದದ್ದು 1904ರಲ್ಲಿ. ನಮ್ಮಲ್ಲಿ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ಅದು ದೇಶದಾದ್ಯಂತ ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯದಲ್ಲಿ ವರ್ಷಗಟ್ಟಲೆ ದುಡಿದು ಭಾರತದ 'ಲೆಡ್ ಮ್ಯಾನ್' ಎಂದೇ ಹೆಸರಾದವರು. ಆದರೂ ಸಮಸ್ಯೆ ಮುಗಿದಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ.

"ಏನೂ ಆಗಲಿಲ್ಲ" ಎನ್ನುವುದಕ್ಕೂ "ಏನಾಯಿತೆಂದು ಯಾರೂ ಅಳೆಯಲಿಲ್ಲ" ಎನ್ನುವುದಕ್ಕೂ ವ್ಯತ್ಯಾಸ ಇಷ್ಟೇ.

ಬೆಲ್ಲ, ಹಾಲು, ಬಾಳೆಹಣ್ಣು

ಮರುದಿನ ಬಂದ ಪೇಂಟರ್ ನಮ್ಮ ಗಾಬರಿ ನೋಡಿ ನಕ್ಕರು. "ಇಪ್ಪತ್ತು ವರ್ಷದಿಂದ ಉಜ್ತಾ ಇದೀನಿ ಮೇಡಂ. ಸಂಜೆ ಒಂದು ಉಂಡೆ ಬೆಲ್ಲ ತಿಂದ್ರೆ ಧೂಳೆಲ್ಲ ಇಳ್ದೋಗತ್ತೆ."

ಧೂಳಿನ ಕೆಲಸ ಮಾಡುವವರಲ್ಲಿ ಈ ನಂಬಿಕೆ ವ್ಯಾಪಕವಾಗಿದೆ. ಬೆಲ್ಲ ಬಾಯಲ್ಲಿ ನೀರೂರಿಸುತ್ತದೆ, ಒಣಗಿದ ಗಂಟಲಿಗೆ ಹಾಯೆನಿಸುತ್ತದೆ. ಆದರೆ ರಕ್ತಕ್ಕೆ, ಮೂಳೆಗೆ ಸೇರಿದ ಸೀಸವನ್ನು ಬೆಲ್ಲವಾಗಲಿ, ಬಾಳೆಹಣ್ಣಾಗಲಿ ಹೊರತೆಗೆಯುವುದಿಲ್ಲ. ಹಾಲಿನ ಕಥೆ ಸ್ವಲ್ಪ ಬೇರೆ. ಊಟದಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಸಾಕಷ್ಟಿದ್ದರೆ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. ಹಾಗಾಗಿ ಹಾಲು, ರಾಗಿ, ಸೊಪ್ಪು, ಕಾಳು ತಿನ್ನುವುದು ಒಳ್ಳೆಯದೇ. ಆದರೆ ಇವು ಔಷಧಿಯಲ್ಲ. ಧೂಳು ತಿಂದು ಮೇಲೆ ಹಾಲು ಕುಡಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಸೀಸ ಹೊರತೆಗೆಯುವ ಔಷಧಿಗಳಿವೆ. ಆದರೆ ಅವು ರಕ್ತದಲ್ಲಿ ಸೀಸ ತುಂಬಾ ಹೆಚ್ಚಿದ್ದಾಗ ಆಸ್ಪತ್ರೆಯಲ್ಲಿ ವೈದ್ಯರು ಕೊಡುವಂಥವು. ಮಕ್ಕಳಲ್ಲಿ ಡೆಸಿಲೀಟರ್‌ಗೆ 45 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕಿಂತ ಕಡಿಮೆಯಿದ್ದಾಗ ಮುಖ್ಯ ಚಿಕಿತ್ಸೆ ಎಂದರೆ ಸೀಸದ ಮೂಲವನ್ನು ದೂರ ಮಾಡುವುದು, ಪೌಷ್ಟಿಕ ಊಟ, ಮತ್ತೆ ಪರೀಕ್ಷೆ. "ಡಿಟಾಕ್ಸ್" ಎಂದು ಮಾರುವ ಪುಡಿ, ಕಷಾಯಗಳ ಮೊರೆಹೋಗಬೇಡಿ.

ನಕ್ಕ ಆ ಪೇಂಟರ್‌ಗೂ ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡರೆ ಧೂಳು ಅವಳ ಮೈಗೂ ಅಂಟುತ್ತದೆ ಎಂದಾಗ ಅವರು ನಗು ನಿಲ್ಲಿಸಿದರು. ನಾವು ದುಡ್ಡು ಕೊಟ್ಟು ಕೆಲಸ ಮಾಡಿಸಿದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ. ನಮ್ಮ ಮನೆಯಿಂದ ಅವರ ಮನೆಗೆ ಹೋಗುತ್ತದೆ, ಅಷ್ಟೆ.

ಸೀಸ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮೂಸಿ ನೋಡಿ, ನಿಂಬೆರಸ ಹಚ್ಚಿ, ಉಗುರಿನಿಂದ ಕೆರೆದು ಕಂಡುಹಿಡಿಯಲು ಸಾಧ್ಯವಿಲ್ಲ. ಬಣ್ಣ ಬದಲಾಗುವ ಪರೀಕ್ಷಾ ಕಿಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಆದರೆ ಅವು ತಪ್ಪು ಉತ್ತರ ಕೊಡುವುದುಂಟು. ಕಿಟ್ "ಇಲ್ಲ" ಎಂದಿತೆಂದು ನಿಶ್ಚಿಂತರಾಗುವಂತಿಲ್ಲ. ನಂಬಬಹುದಾದ ಉತ್ತರ ಬೇಕಿದ್ದರೆ ಬಣ್ಣದ ಚಕ್ಕೆಯನ್ನು ಎನ್‌ಎಬಿಎಲ್ ಮಾನ್ಯತೆ ಪಡೆದ, ಸೀಸದ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಕೊಡಬೇಕು. ಎಲ್ಲ ಪದರಗಳೂ ಬರುವಂತೆ ಚಕ್ಕೆ ತೆಗೆಯಬೇಕು, ಏಕೆಂದರೆ ಮೇಲಿನ ಹಸಿರಿನಲ್ಲಿ ಇಲ್ಲದ್ದು ಕೆಳಗಿನ ಹಳದಿಯಲ್ಲಿರಬಹುದು.

ಪರೀಕ್ಷೆ ಮಾಡಿಸಲು ಆಗದಿದ್ದರೆ ದಾರಿ ಸುಲಭ: ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿ. ನಾವು ಮಾಡಿದ್ದೂ ಅದನ್ನೇ.

ಹಾಗಾದರೆ ಕಪಾಟನ್ನು ಎಸೆಯಬೇಕೇ?

ಬೇಕಿಲ್ಲ. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಬಣ್ಣ ಗಟ್ಟಿಯಾಗಿ ಕೂತಿದೆಯೇ? ಮಗು ಅದನ್ನು ಬಾಯಿಗೆ ಹಾಕಬಹುದೇ?

ಬಣ್ಣ ಎಲ್ಲೂ ಎದ್ದಿಲ್ಲವಾದರೆ ಅದನ್ನು ಕೆರೆಯುವ ಗೋಜಿಗೇ ಹೋಗಬೇಡಿ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಪ್ರೈಮರ್ ಹಾಕಿ, ಮೇಲೆ ಹೊಸ ಬಣ್ಣ ಬಳಿದು ಮುಚ್ಚಿಬಿಡಿ. ಹೊಸ ಬಣ್ಣ ಹಿಡಿಯಲು ಅಲ್ಪಸ್ವಲ್ಪ ಉಜ್ಜಲೇಬೇಕಾದರೆ ಒದ್ದೆ ಮಾಡಿ ಉಜ್ಜಿ.

ತೊಟ್ಟಿಲಿನ ಕಟಕಟೆ, ಮಂಚದ ಅಂಚು, ಆಟಿಕೆ ಇವುಗಳಿಗೆ ಈ ಉಪಾಯ ಸಾಲದು. ಹಲ್ಲು ಬರುವ ಮಗು ಅವನ್ನು ಕಚ್ಚಿಯೇ ಕಚ್ಚುತ್ತದೆ, ಹೊಸ ಪದರ ಕಿತ್ತು ಹಳೆಯದು ಬಾಯಿಗೆ ಸಿಗುತ್ತದೆ. ಹಳೆ ಎಣ್ಣೆ ಬಣ್ಣದ ತೊಟ್ಟಿಲನ್ನು ತೊಟ್ಟಿಲು ಶಾಸ್ತ್ರದ ದಿನ ಒಂದು ಗಳಿಗೆ ಬಳಸಿ, ದಿನನಿತ್ಯ ಮಲಗಿಸಲು ಬೇರೆ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಅತ್ತೆಗೂ ಈ ರಾಜಿ ಒಪ್ಪಿಗೆಯಾಯಿತು.

ಡ್ರಾಗಳಲ್ಲಿ ಇನ್ನೊಂದು ತೊಡಕಿದೆ. ಎಳೆದು ತಳ್ಳುವಾಗ ಮರಕ್ಕೆ ಮರ ಉಜ್ಜುವ ಜಾಗದಲ್ಲಿ ಬಣ್ಣವಿದ್ದರೆ ಪ್ರತಿ ಸಲವೂ ಒಂದಿಷ್ಟು ಪುಡಿ ಉದುರುತ್ತದೆ, ಅದೂ ಮಗುವಿನ ಬಟ್ಟೆಯ ಮೇಲೆ. ಅಂಥ ಜಾಗಗಳಿಂದ ಬಣ್ಣ ತೆಗೆಯಲೇಬೇಕು.

ತೆಗೆಯುವುದಾದರೆ ಹೀಗೆ ತೆಗೆಯಿರಿ:

1. ಗರ್ಭಿಣಿಯರು, ಮಕ್ಕಳು ಹತ್ತಿರ ಸುಳಿಯಬಾರದು. ಬೇರೆ ಕೋಣೆಯಲ್ಲಿದ್ದರೆ ಸಾಲದು, ಕೆಲಸ ಮುಗಿದು ಶುಚಿಯಾಗುವವರೆಗೆ ಬೇರೆ ಕಡೆ ಇರಲಿ.

2. ಕೆಲಸ ಮನೆಯ ಹೊರಗೆ ನಡೆಯಲಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಸುತ್ತ ಒಣಹಾಕಿದ ಬಟ್ಟೆ, ತುಳಸಿಕಟ್ಟೆ, ಸೊಪ್ಪಿನ ಕುಂಡ, ನೀರಿನ ತೊಟ್ಟಿ ಇರಬಾರದು.

3. ಒಣ ಉಪ್ಪುಕಾಗದ ಬೇಡ. ಪೇಂಟರ್‌ಗಳು ಬಳಸುವ ವಾಟರ್ ಪೇಪರ್ ತಂದು, ನೀರು ಚಿಮುಕಿಸುತ್ತಾ ಉಜ್ಜಿ. ಪುಡಿ ಹಾರದೆ ಕೆಸರಾಗುತ್ತದೆ, ಅದನ್ನು ಬಟ್ಟೆಯಿಂದ ಒರೆಸಿ ತೆಗೆಯಬಹುದು.

4. ಉಜ್ಜುವ ಮೆಷಿನ್ ಬೇಡ. ಅದು ಧೂಳನ್ನು ನುಣ್ಣಗೆ ಮಾಡಿ ದೂರ ಹಾರಿಸುತ್ತದೆ. ಬೆಂಕಿ ತಾಗಿಸಿ ಬಣ್ಣ ಎಬ್ಬಿಸುವುದು ಇನ್ನೂ ಕೆಟ್ಟದ್ದು, ಸೀಸದ ಹೊಗೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

5. ಬಣ್ಣ ಕರಗಿಸುವ ರಿಮೂವರ್ ತರುವುದಾದರೆ ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಇದೆಯೇ ನೋಡಿ. ಮುಚ್ಚಿದ ಜಾಗದಲ್ಲಿ ಅದರ ಆವಿ ಕುಡಿದು ಸಾವುಗಳಾದ ಮೇಲೆ ಅಮೆರಿಕ 2019ರಲ್ಲಿ ಜನಸಾಮಾನ್ಯರಿಗೆ ಅಂಥ ರಿಮೂವರ್‌ಗಳ ಮಾರಾಟ ನಿಲ್ಲಿಸಿತು.

6. ಕರ್ಚೀಫು, ಬಟ್ಟೆಯ ಮಾಸ್ಕ್ ನುಣ್ಣನೆಯ ಪುಡಿಯನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಬೇಕು. ಕೆಲಸದ ನಡುವೆ ತಿನ್ನುವುದು, ಬೀಡಿ ಸೇದುವುದು ಬೇಡ.

7. ಕಸಪೊರಕೆಯಿಂದ ಗುಡಿಸಬೇಡಿ, ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಎರಡೂ ಪುಡಿಯನ್ನು ಗಾಳಿಗೆ ಎಬ್ಬಿಸುತ್ತವೆ. ಸೋಪಿನ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಶುದ್ಧ ನೀರಿನಿಂದ ಒರೆಸಿ. ಆ ಬಟ್ಟೆ, ಚಕ್ಕೆ, ಕೆಸರು ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅಪಾಯಕಾರಿ ಕಸ ಎಂದು ಹೇಳಿಯೇ ಕಸದವರಿಗೆ ಕೊಡಿ.

8. ಕೆಲಸ ಮಾಡಿದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಊರಿನ ಮನೆಗಳಿಗೆ ಒಂದು ಮಾತು. ಹಳೆ ಬಾಗಿಲು, ಕಿಟಕಿ, ಮುರಿದ ಮಂಚವನ್ನು ಹಂಡೆ ಒಲೆಗೆ ಹಾಕುವ ರೂಢಿ ನಮ್ಮಲ್ಲಿದೆ. ಬಣ್ಣ ಬಳಿದ ಮರ ಸುಡಬೇಡಿ. ಸೀಸ ಸುಟ್ಟು ಹೋಗುವ ವಸ್ತುವಲ್ಲ. ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಅದೇ ಬೂದಿಯಲ್ಲಿ ಪಾತ್ರೆ ತಿಕ್ಕುತ್ತೇವೆ, ಅದನ್ನೇ ಹಿತ್ತಲಿನ ಗಿಡಗಳಿಗೆ ಹಾಕುತ್ತೇವೆ.

ಹೊಸ ಬಣ್ಣ ಯಾವುದಿರಲಿ?

ಡಬ್ಬಿಯ ಮೇಲೆ ಸೀಸದ ಅಂಶ 90 ಪಿಪಿಎಂ ಮೀರಿಲ್ಲ ಎಂದು ಬರೆದಿದೆಯೇ ನೋಡಿ. ಬಿಡಿಯಾಗಿ ಅಳೆದು ಕೊಡುವ, ಹೆಸರಿಲ್ಲದ ಡಬ್ಬಿಯ ಎನಾಮೆಲ್ ಬೇಡ. ಸೀಸ ಇಲ್ಲದ, ನೀರಿನಲ್ಲಿ ಕರಗುವ ಬಣ್ಣವಾದರೆ ವಾಸನೆ ಕಡಿಮೆ, ಟರ್ಪೆಂಟೈನ್ ಬೇಕಿಲ್ಲ. ಮರದ ಬಣ್ಣವೇ ಕಾಣಬೇಕೆಂದರೆ ಅರಗಿನ ಪಾಲಿಶ್ ಒಳ್ಳೆಯ ಆಯ್ಕೆ. ಚನ್ನಪಟ್ಟಣದ ಗೊಂಬೆಗಳಿಗೆ ಸಾಂಪ್ರದಾಯಿಕವಾಗಿ ಹೊಳಪು ಕೊಡುವುದೂ ಅರಗೇ. ಮೆಲಮೈನ್ ಪಾಲಿಶ್ ಒಣಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಮಗುವಿನ ಕೋಣೆಗೆ ಅದು ಬೇಡ. ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಹರಡಿ ಒಣಗಿಸಿ.

ಮುಟ್ಟಿದರೆ ಅಂಟುವುದಿಲ್ಲ ಎಂದ ಮಾತ್ರಕ್ಕೆ ಬಣ್ಣ ಪೂರ್ತಿ ಒಣಗಿದೆ ಎಂದಲ್ಲ. ವಾಸನೆ ಪೂರಾ ಹೋಗುವವರೆಗೆ, ಕೆಲವು ವಾರಗಳಾದರೂ ಗಾಳಿಯಾಡುವ ಕಡೆ ಇಟ್ಟು ಆಮೇಲೆ ಕೋಣೆಗೆ ತನ್ನಿ. ಅಂದರೆ ಹೆರಿಗೆಯ ಹಿಂದಿನ ವಾರ ಶುರುಮಾಡುವ ಕೆಲಸ ಇದಲ್ಲ.

ಬಣ್ಣದಾಚೆಗಿನ ಎರಡು ಅಪಾಯಗಳು

ಒಂದು, ನುಸಿಗುಳಿಗೆ. ಹಳೆ ಕಪಾಟಿನ ಡ್ರಾ ಎಳೆದರೆ ಮೂಗಿಗೆ ಬಡಿಯುವ ನ್ಯಾಫ್ತಲೀನ್ ವಾಸನೆ ಎಲ್ಲರಿಗೂ ಗೊತ್ತು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಕೆಲವು ಮಕ್ಕಳಿದ್ದಾರೆ. ಇದು ಅನುವಂಶೀಯ, ಗಂಡುಮಕ್ಕಳಲ್ಲಿ ಹೆಚ್ಚು. ಅಂಥ ಶಿಶುವಿಗೆ ನ್ಯಾಫ್ತಲೀನ್ ತಾಕಿದ ಬಟ್ಟೆ, ಹೊದಿಕೆಯಿಂದಲೇ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಕೊರತೆ ಇರುವುದು ಹುಟ್ಟಿದ ಕೂಡಲೇ ಎಲ್ಲರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಮಗುವಿನ ಬಟ್ಟೆ ಇಡುವಲ್ಲಿ ನುಸಿಗುಳಿಗೆ ಬೇಡವೇ ಬೇಡ. ಡ್ರಾಗಳನ್ನು ತೊಳೆದು, ವಾಸನೆ ಹೋಗುವವರೆಗೆ ಬಿಸಿಲಿಗಿಡಿ.

ಎರಡು, ಕಪಾಟು ಮೈಮೇಲೆ ಬೀಳುವುದು. ನಡೆಯಲು ಕಲಿತ ಮಗುವಿಗೆ ಎಳೆದ ಡ್ರಾಗಳು ಮೆಟ್ಟಿಲಿನಂತೆ ಕಾಣುತ್ತವೆ. ಮಗು ಹತ್ತಿದಾಗ ತೂಕ ಮುಂದಕ್ಕೆ ಬಂದು ಕಪಾಟು ಮಗುಚುತ್ತದೆ. ಇಂಥ ಸಾವುಗಳ ನಂತರ ಅಮೆರಿಕದಲ್ಲಿ 2016ರಲ್ಲಿ ಒಂದೇ ಕಂಪನಿಯ ಸುಮಾರು 2 ಕೋಟಿ 90 ಲಕ್ಷ ಡ್ರಾ ಕಪಾಟುಗಳನ್ನು ವಾಪಸ್ ಕರೆಯಲಾಯಿತು. 2023ರಲ್ಲಿ ಅಲ್ಲಿ ಕಡ್ಡಾಯ ಸುರಕ್ಷತಾ ಮಾನದಂಡ ಬಂತು. ಹಳೆ ಕಪಾಟು ಭಾರವಿದೆ, ಬೀಳುವುದಿಲ್ಲ ಎನ್ನಬೇಡಿ. ಭಾರವಿದ್ದಷ್ಟೂ ಬಿದ್ದಾಗ ಪೆಟ್ಟು ಹೆಚ್ಚು. ಬಡಗಿಗೆ ಹೇಳಿ ಮೇಲ್ಭಾಗದಲ್ಲಿ ಎರಡು ಎಲ್ ಆಕಾರದ ಕ್ಲಾಂಪ್ ಹಾಕಿಸಿ, ಗೋಡೆಗೆ ಸ್ಕ್ರೂ ಬಿಗಿಸಿ. ಹತ್ತು ನಿಮಿಷದ ಕೆಲಸ. ಭಾರದ ಸಾಮಾನು ಕೆಳಗಿನ ಡ್ರಾಗಳಲ್ಲಿರಲಿ, ಕಪಾಟಿನ ಮೇಲೆ ಟಿವಿ, ಆಟಿಕೆ ಬೇಡ.

ಪುಡಿ ಬಾಯಿಗೆ ಹೋಗಿಬಿಟ್ಟಿದ್ದರೆ?

ವಾಂತಿ ಮಾಡಿಸಬೇಡಿ. ಬಾಯಿ, ಕೈ ತೊಳೆಸಿ, ಬಟ್ಟೆ ಬದಲಿಸಿ, ಮಕ್ಕಳ ವೈದ್ಯರಿಗೆ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ. ರಕ್ತದಲ್ಲಿನ ಸೀಸ ಅಳೆಯುವ ಪರೀಕ್ಷೆ ಇದೆ.

ನಮ್ಮ ಹುಡುಗನಿಗೂ ಮಾಡಿಸಿದೆವು. ಫಲಿತಾಂಶ 4 ಎಂದು ಬಂತು. ಅಕ್ಕ ಅತ್ತಳು. ನನಗೆ ಮುಖ ತೋರಿಸಲಾಗಲಿಲ್ಲ. ವೈದ್ಯರು ಹೇಳಿದ್ದು ಇಷ್ಟು: ಗಾಬರಿ ಬೇಡ, ಇದಕ್ಕೆ ಔಷಧಿಯೂ ಬೇಡ. ಮೂಲ ದೂರ ಮಾಡಿ, ಮನೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಿ, ಹಿಮೋಗ್ಲೋಬಿನ್ ನೋಡೋಣ, ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸೋಣ. ಆ 4ರಲ್ಲಿ ನನ್ನ ಉಪ್ಪುಕಾಗದದ ಪಾಲೆಷ್ಟು, ಹಳೆ ಗೇಟು, ರಸ್ತೆಯ ಮಣ್ಣು, ಬೇರೆ ವಸ್ತುಗಳ ಪಾಲೆಷ್ಟು ಎಂದು ಯಾರೂ ಹೇಳಲಾರರು. ಹೇಳಲಾಗದು ಎಂಬುದೇ ಈಗಲೂ ಕೊರೆಯುತ್ತದೆ.

ಮೂರು ತಿಂಗಳ ನಂತರ ಅದು 3ಕ್ಕೆ ಇಳಿದಿತ್ತು. ಅಷ್ಟರಲ್ಲಿ ಅವನಿಗೆ ತಂಗಿ ಹುಟ್ಟಿದ್ದಳು. ಕಪಾಟನ್ನು ಅದೇ ಪೇಂಟರ್ ತಮ್ಮ ಶೆಡ್ಡಿನ ಹೊರಗೆ, ಮಾಸ್ಕ್ ಹಾಕಿಕೊಂಡು, ನೀರು ಬಿಟ್ಟು ಉಜ್ಜಿ ಸಿದ್ಧ ಮಾಡಿಕೊಟ್ಟರು. ಸಂಜೆ ಸ್ನಾನ ಮಾಡಿಯೇ ಮನೆಗೆ ಹೋಗುತ್ತೇನೆ ಎಂದು ಅವರಾಗಿಯೇ ಹೇಳಿದರು. ಬೆಲ್ಲ ತಿನ್ನುವುದನ್ನು ಮಾತ್ರ ಬಿಟ್ಟಿಲ್ಲವಂತೆ. ಕಪಾಟು ಈಗ ಗೋಡೆಗೆ ಬಿಗಿದು ನಿಂತಿದೆ, ಮೇಲಿನ ಡ್ರಾದಲ್ಲಿ ಅವಳ ಅಂಗಿ-ಕುಲಾವಿಗಳಿವೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

2017ಕ್ಕಿಂತ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿಯಿರಿ. ಗಟ್ಟಿಯಾಗಿದ್ದರೆ ಮುಚ್ಚಿ, ತೆಗೆಯಲೇಬೇಕಾದರೆ ಒದ್ದೆ ಮಾಡಿ ತೆಗೆಯಿರಿ. ಒಣದಾಗಿ ಉಜ್ಜಬೇಡಿ, ಸುಡಬೇಡಿ. ಬಸುರಿ, ಮಕ್ಕಳು ದೂರವಿರಲಿ. ನುಸಿಗುಳಿಗೆ ಬೇಡ. ಕಪಾಟನ್ನು ಗೋಡೆಗೆ ಬಿಗಿಸಿ. ನಿಮ್ಮ ಗುಂಪಿನಲ್ಲಿ ಯಾರ ಮನೆಯಲ್ಲಾದರೂ ಸೀಮಂತದ ತಯಾರಿ ನಡೆದಿದ್ದರೆ, ಮೊದಲು ಅವರಿಗೆ ಕಳಿಸಿ.